ದೊಡ್ಡ ಮುಸುರೆಯವರ ಹಾಡು

ಫೆಬ್ರವರಿ ೬, ಗುರುವಾರ

ಮೂರು ಗಂಟೆ ಹತ್ತು ನಿಮಿಷ. ಎಬ್ಬಿಸಿದ್ದು ಎಳೆಗಾಡಿಯ ಸೈರನ್. ಹಿಮ ಬಾಚುವ ಯಂತ್ರಗಳು ಬರುವುದಕ್ಕೆ ಮುಂಚೆ, ಕಾರು ತೆಗೆಯಿರಿ, ಇಲ್ಲದಿದ್ದರೆ ಎತ್ತಿಕೊಂಡು ಹೋಗುತ್ತೇವೆ ಎಂದು ಬೀದಿ ಬೀದಿಯಲ್ಲಿ ಊಳಿಡುತ್ತದಲ್ಲ, ಅದು. ನಮಗೆ ಕಾರಿಲ್ಲ. ಕಾರಿಲ್ಲದವರ ಮನೆ ಬಿಟ್ಟು ಊಳಿಡುವ ಸೈರನ್ನನ್ನು ಯಾರಾದರೂ ಕಂಡುಹಿಡಿಯಬಾರದೇ? ಅಪರೂಪಕ್ಕೆ ಹತ್ತಿದ್ದ ಜೋಂಪು ಹರಿದುಹೋಯಿತು.

ಕ್ಲೋವಿಸನೂ ಎದ್ದ. ಕಿರುಚಾಟ. ದಿಂಬಿನ ಕೆಳಗಿನ ಚಿಕ್ಕ ಕನ್ನಡಿ ತೆಗೆದು ಅವನ ಮೂಗಿನ ಹತ್ತಿರ ಹಿಡಿದೆ. ಕಿರುಚುವ ಮಗು ಉಸಿರಾಡುತ್ತಿದೆ ಎಂದು ತಿಳಿಯಲು ಡಿಗ್ರಿ ಬೇಕಿಲ್ಲ. ನನಗೆ ಡಿಗ್ರಿ ಇದೆ, ಭೂಗೋಳದಲ್ಲಿ. ಆದರೂ ಹಿಡಿದೆ. ಕನ್ನಡಿ ಮಬ್ಬಾಯಿತು. ಸರಿ, ಇದ್ದಾನೆ.

ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಿಂದ ಮುಂದಿನ ಕೋಣೆಗೆ, ಅಲ್ಲಿಂದ ಅಡುಗೆಮನೆಗೆ. ಕೆಳಗೆ ಬೀದಿಯಲ್ಲಿ ಒಬ್ಬ ಪೈಜಾಮದ ಮೇಲೆ ಕೋಟು, ಕಾಲಿಗೆ ಹಿಮದ ಬೂಟು ಹಾಕಿಕೊಂಡು ತನ್ನ ಮುದಿ ಕಾರಿನ ಮೇಲಿನ ಹಿಮ ಗುಡಿಸುತ್ತಿದ್ದ. ಆಮೇಲೆ ಒಳಗೆ ಕೂತ. ಕೂತವನು ಹೊರಡಲಿಲ್ಲ. ಬಾಗಿಲು ತೆರೆದೇ ಇಟ್ಟುಕೊಂಡು ಏನನ್ನೋ ಹಾಕಿದ.

ಮೊದಲು ಒಂದೇ ಪಿಟೀಲು, ಬಾಗಿಲಲ್ಲಿ ನಿಂತು ಒಳಗೆ ಬರಲಾ ಎಂದು ಕೇಳುವ ಹಾಗೆ. ಅದರ ಹಿಂದೆ ಇನ್ನೊಂದು. ಆಮೇಲೆ ಕೇಳದೆಯೇ ಎಲ್ಲರೂ ನುಗ್ಗಿಬಂದರು: ಟ್ರಾಂಬೋನುಗಳು, ಡೋಲು, ಒಂದು ಬೀದಿಯ ಜನರೆಲ್ಲ ಸೇರಿ ಹಾಡುವಂಥ ಗುಂಪುದನಿ. ನನ್ನ ಕಿಟಕಿಯ ಗಾಜು ನಡುಗಿತು. ಕ್ಲೋವಿಸ್ ಬಾಯಿ ತೆರೆದುಕೊಂಡೇ ಸುಮ್ಮನಾದ. ಕೆನ್ನೆಯ ಮೇಲೆ ಒಂದು ಹನಿ ನಿಂತುಬಿಟ್ಟಿತ್ತು.

ಚಳಿ ನುಗ್ಗದಿರಲೆಂದು ನನ್ನ ಗಂಡ ಯಾನಿಕ್ ಕಿಟಕಿಗೆ ಅಂಟಿಸಿ ಹೋಗಿದ್ದ ಪ್ಲಾಸ್ಟಿಕ್ ಹಾಳೆಯನ್ನು ಪರಪರ ಹರಿದೆ. ಕಿಟಕಿ ಎತ್ತಿದೆ.

"ಏಯ್! ಅದನ್ನ..."

ಅವನು ತಟ್ಟನೆ ಆರಿಸಿ, ಸಿಕ್ಕಿಬಿದ್ದ ಕಳ್ಳನ ಹಾಗೆ ಎರಡೂ ಕೈ ಎತ್ತಿದ. "ತಪ್ಪಾಯ್ತು ಮೇಡಂ! ಈಗ್ಲೇ ಹೊರಟೆ!"

ಕ್ಲೋವಿಸ್ ಮತ್ತೆ ಕಿರುಚಿದ.

"ಯಾರ್ರೀ ಆರ್ಸಕ್ಕೆ ಹೇಳಿದ್ದು? ಹಾಕ್ರೀ! ಜೋರಾಗಿ ಹಾಕ್ರೀ!"

ಕೆಳಮನೆಯಲ್ಲಿ ದೀಪ ಹತ್ತಿತು. ನಮ್ಮ ಮನೆಯೊಡತಿ, ಪೋರ್ಚುಗಲ್ ಕಡೆಯ ಡೋನ ಇಲ್ದ, ತಲೆಗೆ ಶಾಲು ಕಟ್ಟಿಕೊಂಡು ಬಾಗಿಲಿಗೆ ಬಂದು ನನ್ನ ಹೆಸರು ಕೂಗಿದರು. "ಮಾರ್ಯೆವ್! ಯಾರು ಸತ್ರು?"

"ಯಾರೂ ಇಲ್ಲ, ಡೋನ ಇಲ್ದ."

"ಮತ್ತೆ ಕಿಟಕಿ ಮುಚ್ಚು. ಮನೆ ಬಿಸಿಯೆಲ್ಲಾ ಬೀದಿ ಪಾಲಾಗ್ತಿದೆ. ಏನು, ಮಾಂಟ್ರಿಯಲ್‌ಗೆಲ್ಲಾ ನೀನೇ ಕಾಯಿಸ್ತೀಯಾ?"

ಅಷ್ಟರಲ್ಲಿ ಎಳೆಗಾಡಿ ಮೂಲೆ ತಿರುಗಿತು. ಅವನು ಕಾರು ಓಡಿಸಿಕೊಂಡು ಹೋದ. ಹಾಡು ಅವನ ಜೊತೆಯೇ ಹೋಯಿತು. ನನಗೆ ಸಿಕ್ಕಿದ್ದು ಅರ್ಧ.

ಕ್ಲೋವಿಸ್ ಮಲಗಿದ. ನಾನು ಅವನ ಎದೆ ಏರಿಳಿಯುವುದನ್ನು ನೋಡುತ್ತಾ ಕೂತೆ.


ಫೆಬ್ರವರಿ ೭, ಶುಕ್ರವಾರ

ಉಳಿದರ್ಧ ಏನಿದ್ದೀತು?

ಯಾನಿಕ್ ಗಣಿಯಿಂದ ಫೋನ್ ಮಾಡಿದ್ದ. ಉತ್ತರದಲ್ಲಿ ಉಗುಳಿದರೆ ನೆಲ ಮುಟ್ಟುವ ಮೊದಲೇ ಕಲ್ಲಾಗುತ್ತದಂತೆ. ಐದು ವಾರ ಅಲ್ಲಿ, ಎರಡು ವಾರ ಇಲ್ಲಿ. ಹಾಡಿನ ವಿಷಯ ಹೇಳಲಿಲ್ಲ. ಹೇಳಿದ್ದರೆ "ರಾತ್ರಿ ಮೂರಕ್ಕೆ ಕಿಟಕಿ ತೆಗೆದೆಯಾ?" ಎಂದು ದನಿ ತಗ್ಗಿಸಿ ಕೇಳುತ್ತಿದ್ದ. ಡಿಸೆಂಬರಿನ ಆ ರಾತ್ರಿಯಿಂದ ಎಲ್ಲರೂ ನನ್ನೊಂದಿಗೆ ಹೀಗೇ ಮಾತಾಡುವುದು, ಬಿರುಕುಬಿಟ್ಟ ಬಟ್ಟಲನ್ನು ಎತ್ತಿಡುವ ಹಾಗೆ. ಆ ರಾತ್ರಿ ಮಗು ಉಸಿರಾಡುತ್ತಿಲ್ಲ ಎಂದು ನಾನು ಆಂಬುಲೆನ್ಸ್ ಕರೆಸಿದೆ. ಮಗು ನಿದ್ದೆ ಮಾಡುತ್ತಿತ್ತು. ಇಬ್ಬರು ದಾಂಡಿಗರು ಮೇಲೆ ಬಂದು ಅವನ ಅಂಗಾಲಿಗೆ ಕಚಗುಳಿಯಿಟ್ಟರು, ಅವನು ಕಣ್ಣು ಬಿಟ್ಟು ಅವರನ್ನೇ ಬೈಯುವಂತೆ ನೋಡಿದ. "ಚೆನ್ನಾಗಿದ್ದಾನೆ ಮೇಡಂ, ನೀವು ಮಲಕ್ಕೊಳ್ಳಿ," ಎಂದರು.

ಅಷ್ಟೇ ನಡೆದದ್ದು. ಅತ್ತೆ ಯುಗೆತ್ ಪಾಲಿಗೆ ಅದಷ್ಟೇ ಸಾಕಾಯಿತು. ತ್ರ್ವಾ-ರಿವ್ಯೆರ್‌ನಲ್ಲಿರುವ ಅವರ ಮನೆಯ ನೆಲಮಾಳಿಗೆಗೆ ನಾವು ಬಂದು ಇರಬೇಕಂತೆ. ದಪ್ಪ ಕಾರ್ಪೆಟ್ ಹಾಕಿಸಿದ್ದಾರೆ, ಗೋಡೆಗೆ ಬಾತುಕೋಳಿ ಬಿಡಿಸಿದ್ದಾರೆ. "ಅಲ್ಲಿ ಇಲಿ ಕೆಮ್ಮಿದ್ರೂ ಕೇಳ್ಸುತ್ತೆ ಮಗಳೇ, ಅಷ್ಟು ಶಾಂತಿ." ಜುಲೈ ಒಂದರಂದು ಬಾಡಿಗೆ ಕರಾರುಗಳು ಮುಗಿದು ಊರಿಗೆ ಊರೇ ಮನೆ ಬದಲಾಯಿಸುತ್ತದೆ. ಆ ಹಿಂಡಿನಲ್ಲಿ ನಾವೂ.

ಬ್ರೆಡ್ಡು ಮುಗಿದಿತ್ತು. ಮೆಟ್ಟಿಲ ತನಕ ಹೋಗಿ ಹಿಂದೆ ಬಂದೆ. ಮನೆಯ ಹೊರಗೆ ಸುರುಳಿ ಸುತ್ತಿಕೊಂಡು ಇಳಿಯುವ ಕಬ್ಬಿಣದ ಮೆಟ್ಟಿಲು, ಮೇಲೆಲ್ಲ ಗಾಜಿನಂಥ ಮಂಜುಗಡ್ಡೆ. ಮಗುವನ್ನೆತ್ತಿಕೊಂಡು ಜಾರಿದರೆ? ರಾತ್ರಿ ಊಟಕ್ಕೆ ಬಿಸ್ಕತ್ತು.


ಫೆಬ್ರವರಿ ೧೨, ಬುಧವಾರ

ಆ ಪೈಜಾಮದವನು ಬಾಗಿಲು ತಟ್ಟಿದ. ಚಿಲಕ ಹಾಕಿಕೊಂಡೇ ಸಂದಿಯಿಂದ ಮಾತಾಡಿದೆ.

"ಕಿಟಕಿಯಿಂದ ಕೂಗಿದ್ದು ನೀನೇ ತಾನೆ?"

"ಹೌದು. ಕ್ಷಮಿಸು."

"ಕ್ಷಮಿಸೋದಾ? ಮಾರಾಯ್ತಿ, ಆರು ವರ್ಷದಿಂದ ಬಾರಿಸ್ತಿದ್ದೀವಿ. ನಿಲ್ಸ್ರೋ ಅಂತ ಕೂಗಿದವರನ್ನ ಬಿಟ್ರೆ ಬೇರೆಯವರನ್ನ ನೋಡಿಲ್ಲ. ಜೋರಾಗಿ ಹಾಕಿ ಅಂದವಳು ನೀನೊಬ್ಳೇ. ತಂಡಕ್ಕೆಲ್ಲಾ ಹೇಳ್ದೆ. ನಮ್ಮ ಹಾಡೋ ನಾದೆಜ್ ಅತ್ತೇಬಿಟ್ಲು."

ಹೆಸರು ಗ್ರೆಗ್ವಾರ್. ಟ್ರಾಂಬೋನು ಊದುತ್ತಾನೆ, ಹಾಡು ಕಟ್ಟುತ್ತಾನೆ, ಹಗಲು ಸೈಕಲ್ ರಿಪೇರಿ. ತಂಡದ ಹೆಸರು 'ದೊಡ್ಡ ಮುಸುರೆ'. ಹೌದು, ಹಬ್ಬದೂಟ ಮುಗಿದ ಮೇಲೆ ಸಿಂಕಿನಲ್ಲಿ ಬಿದ್ದಿರುತ್ತದಲ್ಲ, ಅದೇ. ಹತ್ತೊಂಬತ್ತು ಜನ. ಮೊದಲು ಚರ್ಚಿನ ನೆಲಮಾಳಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಚರ್ಚು ಮಾರಾಟವಾಗಿ ಈಗ ಅಲ್ಲಿ ಜನ ಓಡುವ ಯಂತ್ರದ ಮೇಲೆ ಓಡುತ್ತಾ ಇದ್ದಲ್ಲೇ ಇರುತ್ತಾರೆ. ಅದಕ್ಕೇ ಇವರ ಆಲ್ಬಮ್ಮು ತುಂಡು ತುಂಡಾಗಿ ಒಬ್ಬೊಬ್ಬರ ಅಡುಗೆಮನೆಯಲ್ಲಿ ತಯಾರಾಗುತ್ತಿದೆ.

"ಕಾರಲ್ಲಿ ಯಾಕೆ ಕೇಳ್ತಿದ್ದೆ, ಆ ಹೊತ್ತಲ್ಲಿ?"

"ನನ್ನ ಕಾರಲ್ಲಿ ಒಂದು ಸ್ಪೀಕರ್ ಸತ್ತಿದೆ, ಇನ್ನೊಂದು ಸಾಯ್ತಿದೆ. ಅದರಲ್ಲಿ ಬದುಕಿದ ಹಾಡು ಎಲ್ಲೂ ಸಾಯಲ್ಲ. ಎಲ್ರೂ ಹಂಗೇ ಪರೀಕ್ಷೆ ಮಾಡೋದು. ಸೈರನ್ ಎಬ್ಬಿಸ್ತು, ಹೆಂಗೂ ಇಳಿದಿದ್ದೀನಲ್ಲಾ ಅಂತ ಹಾಕ್ದೆ."

ಸಂದಿಯಿಂದಲೇ ಒಂದು ಸಿ.ಡಿ. ತೂರಿಸಿದ. ಮೇಲೆ ಸೀಸದ ಕಡ್ಡಿಯಲ್ಲಿ ಬರೆದಿತ್ತು: 'ಯಾರೂ ಎದ್ದು ಹೋಗಬೇಡಿ'. ಆಲ್ಬಮ್ಮಿನ ಹೆಸರು. ಇನ್ನೂ ಮುಗಿದಿಲ್ಲ, ಯಾರಿಗೂ ಕೊಡಬೇಡ ಎಂದ. ಯಾರಿಗೆ ಕೊಡಲಿ ನಾನು?


ಫೆಬ್ರವರಿ ೧೩

ಇಡೀ ದಿನ ಅದೇ. ಸಿಂಕಿನಲ್ಲಿ ನನ್ನ ಮುಸುರೆ, ಸ್ಪೀಕರಿನಲ್ಲಿ ಅವರದ್ದು.

ಮೂರನೆಯ ಹಾಡಿನಲ್ಲಿ ಎಲ್ಲ ನಿಂತುಹೋಯಿತು ಎನ್ನುವಾಗ ಒಬ್ಬ ಹೆಂಗಸು, ನಾದೆಜ್ ಇರಬೇಕು, ಗಂಟಲು ಸರಿಮಾಡಿಕೊಳ್ಳುವುದು ಕೇಳಿಸುತ್ತದೆ. ಅದನ್ನು ಅಳಿಸಿಲ್ಲ. ಮತ್ತೆ ಶುರುವಾಗುತ್ತದೆ, ಇನ್ನೂ ಮೇಲಿನ ಸ್ಥಾಯಿಯಲ್ಲಿ. ಎಂಥ ಸೊಕ್ಕು! ಬಿದ್ದವರು ಮೈ ಒದರಿಕೊಂಡು ಎದ್ದು, ಬೀಳಿಸಿದವರ ಮುಂದೆಯೇ ಕುಣಿದ ಹಾಗೆ. ಆರನೆಯದರಲ್ಲಿ ಕುರ್ಚಿಯಲ್ಲಿ ಕೂತು ಎರಡೂ ಕಾಲು ತಟ್ಟುವ ತಾಳ. ನನ್ನ ಅಜ್ಜ ಹೊಸವರ್ಷದ ರಾತ್ರಿ ತಟ್ಟುತ್ತಿದ್ದರಲ್ಲ, ಅದು. ಅದರ ಮೇಲೆ ಇಷ್ಟೊಂದು ಪಿಟೀಲು ಕೂರಿಸಬಹುದೆಂದು ಅಜ್ಜನಿಗೆ ಯಾರು ಹೇಳಬೇಕು? ಕೊನೆಯ ಹಾಡು, ಆಲ್ಬಮ್ಮಿನ ಹೆಸರಿನದೇ, ಅರ್ಧ ಖಾಲಿ. ಅಲ್ಲಿ ಏನೋ ಬರಬೇಕು, ಬಂದಿಲ್ಲ. ಜಾಗ ಬಿಟ್ಟು ಕಾಯುತ್ತಿದ್ದಾರೆ.

ಕ್ಲೋವಿಸನಿಗೆ ಆರನೆಯದು ಇಷ್ಟ. ಒದೆಯುತ್ತಾನೆ.


ಫೆಬ್ರವರಿ ೨೩, ಭಾನುವಾರ

ಯಾನಿಕ್ ಬಂದು ವಾರವಾಯಿತು. ಇಂದು ಊಟಕ್ಕೆ ಯುಗೆತ್ ಬಂದಿದ್ದರು, ಬಟಾಣಿ ಸೂಪು ತಾವೇ ಮಾಡಿಕೊಂಡು. ನನ್ನ ಸೂಪನ್ನು ನಂಬುವುದಿಲ್ಲ.

ಸಿ.ಡಿ. ಹಾಕಿದ್ದೆ. "ಏನಮ್ಮಾ ಇದು, ಪಾತ್ರೆ ಅಂಗಡಿಗೆ ಹೋರಿ ನುಗ್ಗಿದ ಹಂಗಿದೆ," ಎಂದರು.

"ಮಗುಗೆ ಇಷ್ಟ, ಯುಗೆತ್."

"ಮಗುಗೆ ತನ್ನ ಹೆಬ್ಬೆಟ್ಟೂ ಇಷ್ಟ. ಅದ್ರ ಜೊತೆ ಮದ್ವೆ ಮಾಡಕ್ಕಾಗುತ್ತಾ?"

ಯಾನಿಕ್ ನಕ್ಕ. ನಾನೂ ನಕ್ಕೆ, ನಗು ಬಂತು, ಏನು ಮಾಡಲಿ? ಯುಗೆತ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು.

ಊಟವಾದ ಮೇಲೆ ಯಾನಿಕ್ ಒಂದು ಹಾಳೆ ತೆಗೆದ. ಮನೆ ಬಿಡುತ್ತೇವೆ ಎಂದು ಮಾರ್ಚ್ ಕೊನೆಯೊಳಗೆ ಬರಹದಲ್ಲಿ ಮನೆಯೊಡತಿಯ ಕೈಗೆ ಕೊಡಬೇಕು. ಅವನು ಸಹಿ ಹಾಕಿದ. ಪೆನ್ನು ನನ್ನ ಕಡೆ ಚಾಚಿದ.

"ನೀನು ನಿದ್ದೆ ಮಾಡೋದನ್ನ ನೋಡ್ಬೇಕು ಮಾರ್ಯೆವ್. ಅಷ್ಟೇ ನಂಗೆ ಬೇಕಾಗಿರೋದು. ಅಲ್ಲಿ ಗಣಿಯೊಳಗೆ ನಿಂತು ಇದೇ ಯೋಚನೆ ಮಾಡ್ತಿರ್ತೀನಿ."

ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. ಸಹಿ ಹಾಕಿದೆ. ಹಾಳೆಯನ್ನು ಫ್ರಿಜ್ಜಿಗೆ ಅಯಸ್ಕಾಂತದಲ್ಲಿ ಅಂಟಿಸಿದ. "ನಾನು ಹೋದ್ಮೇಲೆ ಯಾವತ್ತಾದ್ರೂ ಕೆಳಗೆ ಕೊಟ್ಬಿಡು, ಆಯ್ತಾ?"

"ಆಯ್ತು," ಎಂದೆ.


ಮಾರ್ಚ್ ೪, ಮಂಗಳವಾರ

ಕೊಟ್ಟಿಲ್ಲ. ಮೆಟ್ಟಿಲು ಜಾರುತ್ತದೆ.

ಗ್ರೆಗ್ವಾರ್ ಸಿ.ಡಿ. ವಾಪಸು ಒಯ್ಯಲು ಬಂದ. ಚಿಲಕ ತೆಗೆದೆ, ಪಾಪ, ಚಳಿ. ಒಳಗೆ ಬಂದು ಬೂಟು ಬಿಚ್ಚುವಾಗ ಅವನ ಕಣ್ಣು ಹಿಮ ಎತ್ತುವ ಸಲಿಕೆಯ ಹಿಂದಿನ ಕಪ್ಪು ಪೆಟ್ಟಿಗೆಯ ಮೇಲೆ ಬಿತ್ತು.

"ಇದು ಕೊಂಬಾ?"

"ಹೈಸ್ಕೂಲ್ ಬ್ಯಾಂಡಲ್ಲಿ ಊದ್ತಿದ್ದೆ. ಎಷ್ಟೋ ವರ್ಷ ಆಯ್ತು."

ಅವನು ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ನೆಲದಲ್ಲೇ ಕೂತುಬಿಟ್ಟ. ಕೊನೆಯ ಹಾಡಿನ ಖಾಲಿ ಜಾಗ ಕೊಂಬಿನದಂತೆ. ಅವರ ಕೊಂಬಿನವನು ಗಾಸ್ಪೆ ಕಡೆಯ ಮೀನುಗಾರ್ತಿಯೊಬ್ಬಳನ್ನು ಪ್ರೀತಿಸಿ ಅಲ್ಲೇ ಉಳಿದುಬಿಟ್ಟನಂತೆ. "ಊದಿ ತೋರ್ಸು."

"ಬರಲ್ಲ."

"ಕೆಟ್ಟದಾಗಾದ್ರೂ ಊದು, ಬೇಸರ ಇಲ್ಲ."

ಬಸವನಹುಳುವಿನಂತೆ ಸುತ್ತಿಕೊಂಡ ಆ ಹಿತ್ತಾಳೆ ಮಂಜಿನಷ್ಟು ತಣ್ಣಗಿತ್ತು. ತುಟಿಯಿಟ್ಟು ಊದಿದೆ. ಕೆಸರಲ್ಲಿ ಸಿಕ್ಕಿದ ಎಮ್ಮೆಯ ದನಿ ಬಂತು. ಕ್ಲೋವಿಸ್ ನಕ್ಕ. ಮುಗುಳ್ನಗೆ ಮೊದಲೂ ಇತ್ತು, ಇದು ದನಿಯಿರುವ ನಗು, ಹೊಟ್ಟೆಯಿಂದ ಬಂದದ್ದು. ಮತ್ತೆ ಊದಿದೆ. ಮತ್ತೆ ನಕ್ಕ. ಗ್ರೆಗ್ವಾರ್ ತಲೆಯೆತ್ತಿ ಚಾವಣಿ ನೋಡುತ್ತಿದ್ದ. ನಮ್ಮ ಅಡುಗೆಮನೆಗೆ ಹಳೆಯ ಕಾಲದ, ಹೂಬಳ್ಳಿ ಒತ್ತಿದ ತಗಡಿನ ಚಾವಣಿ. ಎಮ್ಮೆಯ ದನಿ ಅದಕ್ಕೆ ತಗುಲಿ ಕೆಳಗೆ ಬರುವಾಗ ಹಸುವಿನದ್ದಾಗಿತ್ತು.

"ಇಲ್ಲೇ," ಎಂದ. "ಕೊನೇ ಹಾಡು ಇಲ್ಲೇ ರೆಕಾರ್ಡ್ ಆಗ್ಬೇಕು. ಎಲ್ರೂ ಒಟ್ಟಿಗೆ."


ಮಾರ್ಚ್ ೧೧, ಮಂಗಳವಾರ

ತುಟಿ ಒಡೆದಿದೆ. ಮಗು ಮಲಗಿದಾಗ ಕೊಂಬಿನ ಬಾಯಿಗೆ ಟವೆಲ್ ತುರುಕಿ ಅಭ್ಯಾಸ.

ಸಂಜೆ ಕ್ಲೋವಿಸನನ್ನು ಎದೆಗೆ ಕಟ್ಟಿಕೊಂಡು, ಕೊಂಬನ್ನು ಬೆನ್ನಿಗೆ ಹಾಕಿಕೊಂಡು ಎರಡು ಬೀದಿ ಆಚೆ ನಾದೆಜಳ ಅಡುಗೆಮನೆಗೆ ಹೋದೆ. ಡಬಲ್ ಬಾಸಿನವನು, ಗ್ರೆಗ್ವಾರ್, ನಾನು. ನಾದೆಜ್ ಹಗಲು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ, ತಾಯಿತಂದೆ ಹೈತಿಯವರು, ನಗುವಾಗ ಎದುರಿದ್ದವರ ಬೆನ್ನಿಗೆ ಹೊಡೆಯುತ್ತಾಳೆ. ಬಾಗಿಲಲ್ಲೇ ಮಗುವನ್ನು ಕಿತ್ತುಕೊಂಡಳು.

"ಇವನಿಗೆ ಎಷ್ಟು ತಿಂಗ್ಳು? ನಾಲ್ಕಾ? ನಾಲ್ಕು ತಿಂಗ್ಳಿಂದ ನೀನು ಮಲಗಿಲ್ಲ ಅಂತ ನಿನ್ ಮುಖ ನೋಡಿದ್ರೇ ಗೊತ್ತಾಗುತ್ತೆ. ಬಾ, ಅನ್ನ-ಹುರುಳಿ ತಿನ್ನು, ಆಮೇಲೆ ಊದು. ಖಾಲಿ ಹೊಟ್ಟೇಲಿ ಊದಿದ್ರೆ ಗಾಳಿ ಬರುತ್ತೆ, ಹಾಡು ಬರಲ್ಲ."

"ಅವನ ಕತ್ತು ಹಿಡ್ಕೊ..."

"ಮೂರು ಹೆತ್ತಿದ್ದೀನಿ ಕಣೇ. ಒಂದರದ್ದೂ ಕತ್ತು ಬಿದ್ದಿಲ್ಲ."

ಹಾಡಿನ ಪಲ್ಲವಿ ಇಷ್ಟೇ: ಯಾರೂ ಎದ್ದು ಹೋಗಬೇಡಿ, ಇನ್ನೂ ತಟ್ಟೆ ಒಣಗಿಲ್ಲ. ಅದರ ಕೆಳಗೆ ಕೊಂಬು ಒಂದೇ ಸ್ವರವನ್ನು ಉದ್ದಕ್ಕೆ ಹಿಡಿದು, ಎಲ್ಲರೂ ಮುಗಿಸಿದ ಮೇಲೂ ಹಿಡಿದು, ಆಮೇಲೆ ಮೇಲಕ್ಕೆ ಹತ್ತಬೇಕು. ನನಗೆ ಅಲ್ಲಿ ಉಸಿರು ಸಾಲುತ್ತಿಲ್ಲ.

ಹಿಂತಿರುಗುವಾಗ ಹಿಮ ಬೀಳುತ್ತಿತ್ತು. ಕ್ಲೋವಿಸನ ಟೋಪಿಯ ಮೇಲೆಲ್ಲ.


ಮಾರ್ಚ್ ೧೬, ಭಾನುವಾರ

ಡೋನ ಇಲ್ದರ ಅಪ್ಪಣೆ ಕೇಳಲು ಇಳಿದೆ. ಕೇಲ್ ಸೊಪ್ಪಿನ ಸೂಪು ಕುದಿಯುತ್ತಿತ್ತು.

"ಹತ್ತೊಂಬತ್ತು ಜನ? ಮೇಲಕ್ಕೆ? ಮೆಟ್ಟಿಲು ಬಿದ್ರೆ ನಾನೇ ಹಿಡ್ಕೊಳ್ಳಲಾ?"

"ಒಂದೇ ಮಧ್ಯಾಹ್ನ, ಡೋನ ಇಲ್ದ."

"ಮುಂದಿನ ಭಾನುವಾರ, ಪೂಜೆ ಮುಗಿಸಿ ಬಂದ್ಮೇಲೆ. ಕುಡಿದು ಬಂದ್ರೆ ಪೊರಕೆ ತಗೊಂಡು ಹತ್ತುತ್ತೀನಿ." ಸೌಟು ಕೆಳಗಿಟ್ಟರು. "ಇನ್ನೊಂದು ಮಾತು, ಮೆನೀನ, ಹುಡುಗೀ. ನಿನ್ನತ್ತೆ ಫೋನ್ ಮಾಡಿದ್ರು. ನೀವು ಬಿಡ್ತೀರಂತೆ. ನನ್ನ ತಂಗಿ ಮಗ ಈ ಮನೆ ಮೇಲೆ ಕಣ್ಣಿಟ್ಟು ಕೂತಿದ್ದಾನೆ. ನಾನೇನಂದೆ ಗೊತ್ತಾ? ಬರಹ ನನ್ನ ಕೈಗೆ ಬಂದಿಲ್ಲ, ಹಂಗಾಗಿ ನನ್ನ ಕಿವಿಗೂ ಬಂದಿಲ್ಲ ಅಂದೆ."

"ಬರದೇ ಇದ್ರೆ?"

"ಮಾರ್ಚ್ ದಾಟಿದ್ರೆ ಇನ್ನೊಂದು ವರ್ಷ ಮನೆ ನಿಂದೇ. ಸುಮ್ನೆ ಕೂತ್ರೂ ನಿಂದೇ. ಕಾನೂನೇ ಹಂಗಿದೆ." ನನ್ನ ಮುಖವನ್ನೇ ನೋಡಿದರು. "ಹೋಗ್ಬೇಕು ಅನ್ಸುತ್ತಾ?"

"ಯಾನಿಕ್‌ಗೆ ಅನ್ಸುತ್ತೆ."

"ಯಾನಿಕ್‌ನ ಕೇಳ್ದಾಗ ಯಾನಿಕ್ ಹೇಳ್ತಾನೆ."

ಸೂಪು ಕುಡಿದು ಬಂದೆ.


ಮಾರ್ಚ್ ೨೩, ಭಾನುವಾರ

ತುಟಿ ಊದಿದೆ, ಬರೆಯದೆ ಇರಲಾರೆ.

ಹನ್ನೆರಡಕ್ಕೆ ಬರತೊಡಗಿದರು. ಚೆಲ್ಲೋ ಹೊತ್ತವಳು ಮೆಟ್ಟಿಲಲ್ಲಿ ಸಿಕ್ಕಿಕೊಂಡು, ಮುಂದಿನವರು ಎಳೆದು ಹಿಂದಿನವರು ತಳ್ಳಿ, ಬೀದಿಯಲ್ಲಿ ನಿಂತ ಡೋನ ಇಲ್ದ ಪೋರ್ಚುಗೀಸಿನಲ್ಲಿ ದೇವರನ್ನೆಲ್ಲ ಕರೆದು, ಅಂತೂ ಎಲ್ಲರೂ ಹತ್ತಿದರು. ಎಲ್ಲರೂ ಬಾಗಿಲಲ್ಲಿ ಬೂಟು ಬಿಚ್ಚಿದರು. ಪಡಸಾಲೆಯಲ್ಲಿ ಬೂಟಿನ ಬೆಟ್ಟ, ಅದರಿಂದ ಕರಗಿ ಹರಿವ ಕೊಳಕು ನೀರು. ಗುಂಯ್ ಎನ್ನದಿರಲೆಂದು ಫ್ರಿಜ್ ಆರಿಸಿ, ಹಾಲು ಬೆಣ್ಣೆಗಳನ್ನೆಲ್ಲ ಬಾಲ್ಕನಿಯ ಹಿಮದಲ್ಲಿ ಹೂತರು. ಆ ಹಾಳೆ ಮಾತ್ರ ಫ್ರಿಜ್ಜಿನ ಮೇಲೆ ಎಲ್ಲರನ್ನೂ ನೋಡುತ್ತಾ ನಿಂತಿತ್ತು. ಪಿಟೀಲಿನವರು ಸ್ಟೋವಿನ ಪಕ್ಕ, ಟ್ರಾಂಬೋನುಗಳು ಬಚ್ಚಲಮನೆಯ ಬಾಗಿಲಲ್ಲಿ, ನಾನು ಚಾವಣಿಯ ನಡುಮಧ್ಯದ ಕೆಳಗೆ. ಕ್ಲೋವಿಸ್ ಯಾರ ಹತ್ತಿರವೋ ಇದ್ದ. ಹಾಡುವವರಲ್ಲಿ ಒಬ್ಬರ ಹೆಗಲ ಮೇಲೆ ಇರಬೇಕು.

ಬಾರಿಸಿದೆವು. ಚೆನ್ನಾಗಿ ಬಂತು ಎಂದುಕೊಂಡೆವು. ಗ್ರೆಗ್ವಾರ್ ರೆಕಾರ್ಡ್ ಆದದ್ದನ್ನು ಕಿವಿಗೆ ಹಾಕಿಕೊಂಡು ಕೇಳಿದ, ಮುಖ ಸುಟ್ಟ ಬದನೆಕಾಯಿಯಾಯಿತು.

"ಕಾಲು ಎಲ್ಲಿ?"

"ಯಾವ ಕಾಲು?"

"ತಾಳದ ಕಾಲು! ಎಲ್ರೂ ತಟ್ತಿದ್ದೀರಿ, ಏನೂ ಕೇಳಿಸ್ತಿಲ್ಲ. ಯಾರೋ ದಿಂಬಿಗೆ ಹೊಡೀತಿರೋ ಹಂಗಿದೆ."

ಎಲ್ಲರೂ ಕೆಳಗೆ ನೋಡಿದೆವು. ಹತ್ತೊಂಬತ್ತು ಜೊತೆ ಉಣ್ಣೆಯ ಕಾಲುಚೀಲ. ಕಾಲಿನ ತಾಳವೇ ಬೆನ್ನೆಲುಬಾದ ಹಾಡು, ಅದನ್ನು ಬಾರಿಸಲು ಬಂದವರು ಮರ್ಯಾದಸ್ಥರ ಹಾಗೆ ಬೂಟು ಬಿಚ್ಚಿಟ್ಟು ಕೂತಿದ್ದೇವೆ! ಒಬ್ಬನಿಗೂ ಹೊಳೆದಿರಲಿಲ್ಲ. ಯಾರದೇ ಮನೆಯೊಳಗೆ ಕಾಲಿಟ್ಟರೆ ಕೈ ತಾನಾಗಿ ಬೂಟಿಗೆ ಹೋಗುತ್ತದೆ, ಹುಟ್ಟಿದಾಗಿನಿಂದ.

"ಬೂಟು ಹಾಕ್ಕೊಳ್ಳಿ," ಎಂದ ಯಾರೋ.

"ಬೂಟಾ?" ಬಾಗಿಲಲ್ಲಿ ಡೋನ ಇಲ್ದ. "ಬೀದಿ ಉಪ್ಪು ಮೆತ್ತಿದ ಬೂಟಾ? ನನ್ನ ಮರದ ನೆಲದ ಮೇಲಾ? ಇದೇನು ಕುದುರೆ ಲಾಯಾನಾ?"

ಗ್ರೆಗ್ವಾರ್ ಮೈಕಿನ ತಂತಿ ಸುತ್ತತೊಡಗಿದ. ಇನ್ನೊಂದು ದಿನ, ಇನ್ನೊಂದು ಜಾಗ ನೋಡೋಣ ಎಂದು ಗೊಣಗಿದ. ಎಲ್ಲರೂ ಒಟ್ಟಿಗೆ ಸೇರುವ ಇನ್ನೊಂದು ದಿನ ಎಲ್ಲಿತ್ತು ಅವರಿಗೆ?

"ಹಾಕ್ಕೊಳ್ಳಿ ಬೂಟು," ಎಂದೆ. "ನೆಲ ನಾನು ಒರೆಸ್ತೀನಿ, ಡೋನ ಇಲ್ದ. ಇದು ನನ್ನ ಮನೆ."

"ನಿನ್ನ ಮನೆ?"

"ನನ್ನ ಮನೆ."

ಅವರು ನನ್ನನ್ನು ನೋಡಿದರು, ಫ್ರಿಜ್ಜನ್ನು ನೋಡಿದರು, ಮತ್ತೆ ನನ್ನನ್ನು. "ಬಾಡಿಗೆ ಒಂದನೇ ತಾರೀಖು ಕೊಡ್ತೀಯಾ?"

"ಕೊಡ್ತೀನಿ."

"ಸರಿ ಹಾಗಾದ್ರೆ, ನಿಂದೇ." ಕುರ್ಚಿ ಎಳೆದುಕೊಂಡು ಕೂತರು. "ಬಾರಿಸ್ರೋ. ಏನು ಮಖ ನೋಡ್ತೀರಾ?"

ಆಮೇಲಿನದನ್ನು ಹೇಗೆ ಬರೆಯಲಿ? ನೆಲ ಗುಡುಗಿತು. ಕಪಾಟಿನೊಳಗೆ ಬಟ್ಟಲುಗಳು ತಾವೂ ಸೇರಿಕೊಂಡವು. ನಾದೆಜ್ ಕಣ್ಣುಮುಚ್ಚಿ, ಬೀದಿಯ ಆ ತುದಿಗೆ ಕೇಳಿಸುವಂತೆ, ಯಾರೂ ಎದ್ದು ಹೋಗಬೇಡಿ ಎಂದಳು. ನನ್ನ ಸ್ವರ ಬಂತು, ಹಿಡಿದೆ. ಎಲ್ಲರೂ ನಿಲ್ಲಿಸಿದರು, ಹಿಡಿದೇ ಇದ್ದೆ. ತಗಡು ಅದನ್ನು ಎತ್ತಿಕೊಂಡಿತು. ಉಸಿರು ಮುಗಿಯುತ್ತದೆ ಎಂದುಕೊಂಡ ಕಡೆಯಲ್ಲಿ ಮುಗಿಯಲಿಲ್ಲ. ಮೇಲಕ್ಕೆ ಹತ್ತಿದೆ.

ಗ್ರೆಗ್ವಾರ್ ಕೇಳಿ ಮುಗಿಸಿದ. ಬಾಲ್ಕನಿಗೆ ಹೋಗಿ ನನ್ನ ಬೆಣ್ಣೆ ಅಗೆದು ತಂದು ಕೈಗಿಟ್ಟ. ಅವನ ಮೂಗು ಸೋರುತ್ತಿತ್ತು.

ನೆಲ ಒರೆಸಬೇಕು. ನಾಳೆ.


ಮಾರ್ಚ್ ೨೪

ಎದ್ದಾಗ ಬಿಸಿಲು ಗೋಡೆಗೆ ಬಂದಿತ್ತು. ಕ್ಲೋವಿಸ್ ತನ್ನ ಪಾಡಿಗೆ ತಾನು ಕಾಲ್ಬೆರಳಿನ ಜೊತೆ ಮಾತಾಡುತ್ತಿದ್ದ. ಗ್ರೆಗ್ವಾರ್ ಮನೆಗೆ ಹೋಗಿ ನೋಡಿದರೆ ಎರಡೂ ಎಡಗಾಲಿನ ಬೂಟಂತೆ. ಬಲಗಾಲಿನವೆರಡು ಯಾರ ಹತ್ತಿರವಿವೆಯೋ, ಪಾಪ. ನೆಲದ ಉಪ್ಪಿನ ಕಲೆ ಅರ್ಧ ಹೋಯಿತು.


ಮಾರ್ಚ್ ೨೮, ಶುಕ್ರವಾರ

ಯುಗೆತ್ ಫೋನ್.

"ಕೊಟ್ಯಾ ಹಾಳೇನ?"

"ಇಲ್ಲ."

"ಸೋಮವಾರ ಕೊನೇ ದಿನ ಮಗಳೇ. ಮರೀಬೇಡ."

"ಮರೆತಿಲ್ಲ. ಕೊಡಲ್ಲ, ಯುಗೆತ್."

ಆ ಕಡೆ ಟೀವಿಯ ಸದ್ದು ಕಡಿಮೆಯಾಯಿತು. "ಕೊಡಲ್ಲ ಅಂದ್ರೆ?"

"ನಾನು ಈ ಮನೆ ಬಿಡಲ್ಲ."

"ಏನು, ಕೊಂಬು ಬಂತಾ ನಿಂಗೆ?"

"ಬಂತು. ಬಂದು ಮೂರು ವಾರ ಆಯ್ತು."

ಅವರು ನಗಲಿಲ್ಲ. ದನಿ ಮೆತ್ತಗಾಯಿತು. ಅದೇ ಹೆಚ್ಚು ಹೆದರಿಸುವುದು. "ನೋಡು, ಡಿಸೆಂಬರಲ್ಲಿ ನನ್ನ ಮಗ ಫೋನಲ್ಲಿ ಅತ್ತಿದ್ದು ನಾನು ಕೇಳಿದ್ದೀನಿ. ನೀನು ಕೇಳಿಲ್ಲ. ಅವನು ಸಹಿ ಹಾಕಿದ್ದಾನೆ. ನನ್ನ ಹತ್ರ ಬೀಗದ ಕೈ ಇದೆ. ಸೋಮವಾರ ಬೆಳಿಗ್ಗೆ ನಾನೇ ಬಂದು ಕೊಡ್ತೀನಿ. ಮಗು ವಿಷಯದಲ್ಲಿ ಜೂಜಾಡಕ್ಕಾಗಲ್ಲ."

ಯಾನಿಕ್ ಅತ್ತಿದ್ದನೇ? ನನಗೆ ಹೇಳಲಿಲ್ಲ.


ಮಾರ್ಚ್ ೩೦, ಭಾನುವಾರ ರಾತ್ರಿ

ಯಾನಿಕ್,

ಈ ಪುಸ್ತಕದಲ್ಲಿ ಇಷ್ಟು ದಿನ ನನಗೆ ನಾನೇ ಬರೆದುಕೊಳ್ಳುತ್ತಿದ್ದೆ. ಈ ಪುಟ ನಿನಗೆ. ಇದರ ಫೋಟೋ ತೆಗೆದು ಕಳಿಸುತ್ತೇನೆ, ಜೊತೆಗೆ ಒಂದು ಹಾಡು. ನೀನು ಈಗ ನೆಲದಡಿಯಲ್ಲಿದ್ದೀಯ, ಫೋನು ಮೇಲಿನ ಪೆಟ್ಟಿಗೆಯಲ್ಲಿದೆ. ಪಾಳಿ ಮುಗಿಸಿ ಮೇಲೆ ಬಂದಾಗ ಇನ್ನೂ ಕತ್ತಲಿರುತ್ತದೆ. ಆಗ ಓದು.

ಹಾಳೆಯನ್ನು ಕೊಟ್ಟಿಲ್ಲ. ಹರಿದು ಸಿಂಕಿನಲ್ಲಿ ಸುಡಬಹುದಿತ್ತು, ಕಡ್ಡಿಯನ್ನೂ ಗೀರಿದೆ. ಆದರೆ ಅದರಲ್ಲಿ ನಿನ್ನ ಸಹಿಯಿದೆ. ನಿನ್ನ ಬೆನ್ನ ಹಿಂದೆ ನಿನ್ನ ಹೆಸರನ್ನು ಸುಡುವವಳು ನಾನಲ್ಲ. ನನ್ನ ಸಹಿಯನ್ನು ಮಾತ್ರ ಹೊಡೆದುಹಾಕಿದ್ದೇನೆ, ಹಾಳೆಯ ಹಿಂಬದಿಗೂ ಗುರುತು ಬೀಳುವಷ್ಟು ಒತ್ತಿ. ನಿನ್ನದೊಂದೇ ಸಹಿ ಸಾಕೋ ಸಾಲದೋ ನನಗೆ ಗೊತ್ತಿಲ್ಲ, ಡೋನ ಇಲ್ದಗೂ ಗೊತ್ತಿಲ್ಲ. ಅದು ಅವರ ಕೈ ಸೇರಿದರೆ ಅವರ ತಂಗಿಯ ಮಗ ನಾಳೆ ಸಂಜೆಯೇ ಟೇಪು ಹಿಡಿದು ಗೋಡೆ ಅಳೆಯಲು ಬರುತ್ತಾನೆ.

ನೀನು ಡಿಸೆಂಬರಿನಲ್ಲಿ ಅಮ್ಮನ ಹತ್ತಿರ ಅತ್ತಿದ್ದೆಯಂತೆ. ನನ್ನೆದುರೇ ಅಳಬಾರದಿತ್ತಾ? ಒಬ್ಬರಿಗೊಬ್ಬರು ಕೇಳಿಸದ ಹಾಗೆ ಅತ್ತುಕೊಂಡು ಇಬ್ಬರೂ ಶಾಂತಿ ಹುಡುಕುತ್ತಿದ್ದೆವು. ನನಗೆ ಶಾಂತಿ ಬೇಡ. ಡಿಸೆಂಬರಿನಲ್ಲಿ ನನಗೆ ಭಯವಾಯಿತು, ನಿಜ. ಇನ್ನೂ ಆಗುತ್ತದೆ, ನಿನ್ನೆಯೂ ಆಯಿತು, ಮುಂದೆಯೂ ಆದೀತು. ಭಯವಾದಾಗ ಕೂಗಿದರೆ, ಏನಾಯ್ತೇ ಎಂದು ಬೈದುಕೊಂಡಾದರೂ ಹತ್ತಿಬರುವ ಜನ ಇರುವ ಕಡೆ ನಾನು ಇರುತ್ತೇನೆ. ನಿನ್ನಮ್ಮನ ಕಾರ್ಪೆಟ್ಟು ಎಷ್ಟು ದಪ್ಪವೆಂದರೆ ಅಲ್ಲಿ ನಾನು ಕೂಗಿದ್ದು ನನಗೇ ಕೇಳಿಸುವುದಿಲ್ಲ.

ಹಾಡು ಕೇಳು. ಗುಂಪಿನಲ್ಲೇ ಕೇಳು, ನಿನ್ನ ಗೆಳೆಯರು ನಕ್ಕರೂ ಸರಿ. ಕೊನೆಯಲ್ಲಿ ಎಲ್ಲರೂ ನಿಲ್ಲಿಸಿದ ಮೇಲೂ ನಿಲ್ಲದ ಒಂದು ದನಿ ಬರುತ್ತದೆ. ಅದು ನಿನ್ನ ಹೆಂಡತಿ. ನಮ್ಮ ಅಡುಗೆಮನೆಯಲ್ಲಿ ನಿಂತು ಊದಿದ್ದು. ಇದನ್ನು ಊದಿದವಳನ್ನು ಎತ್ತಿಕೊಂಡು ಹೋಗಿ ನೆಲಮಾಳಿಗೆಯಲ್ಲಿ ಇಡಬೇಕು ಎಂದು ಕೇಳಿದ ಮೇಲೂ ನಿನಗೆ ಅನ್ನಿಸಿದರೆ, ಬಾ, ಜಗಳವಾಡೋಣ. ಪಾತ್ರೆ ಎಸೆದಾಡೋಣ. ಆದರೆ ಇಲ್ಲಿ ಆಡೋಣ, ಈ ಮನೆಯಲ್ಲಿ.

ನಿನ್ನಮ್ಮ ಆರು ಗಂಟೆಗೆ ಕಾರು ತೆಗೆಯುತ್ತಾರೆ. ಹೊರಟರೆ ಅವರನ್ನು ನಿಲ್ಲಿಸುವವರಿಲ್ಲ, ನಿನಗೇ ಗೊತ್ತು. ನನ್ನ ಮಾತು ಅವರು ಕೇಳುವುದಿಲ್ಲ, ನಿನ್ನದು ಕೇಳುತ್ತಾರೆ. ಒಂದೇ ಮಾತು ಸಾಕು. ಅವರಿಗೆ ಹೇಳುವ ಮೊದಲು ನನಗೆ ಹೇಳು, ಇರೋಣ ಅಂತಲೋ ಬೇಡ ಅಂತಲೋ. ನಿನ್ನ ಬಾಯಿಂದ ಕೇಳಬೇಕು. ನಾನು ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೇನೆ. ಬೈಯುವುದಿದ್ದರೂ ಬೈ, ಅಳುವುದಿದ್ದರೂ ಅಳು, ಬೆಳಗಾಗುವುದರೊಳಗೆ ಫೋನ್ ಮಾಡು ಯಾನಿಕ್, ನಿನ್ನ ದಮ್ಮಯ್ಯ, ಫೋನ್ ಮಾಡು.